ಒಂದೇ ಸೂರಿನ ಹಸಿವು

ಆ ಬೇಸಿಗೆಯಲ್ಲಿ ನನ್ನನ್ನು ಕಾಡುತ್ತಿದ್ದ ಚಿಂತೆಯನ್ನು ಹೇಳಿಕೊಳ್ಳಲೂ ನಾಚಿಕೆ. ನನ್ನ ಚೂಡಿದಾರದ ತೋಳು ಬಿಗಿಯಾಗುತ್ತಿತ್ತು. ಡೈರಿಯಲ್ಲಿ ಬರೆಯೋಣವೆಂದು ಕುಳಿತವಳು ‘ತೋಳು’ ಎಂದು ಬರೆದ ಕೂಡಲೇ ಹೊಡೆದುಹಾಕಿ, ‘ಇವತ್ತು ಸೆಕೆ ಜಾಸ್ತಿ’ ಎಂದು ಗೀಚಿ ಮುಚ್ಚಿಟ್ಟೆ. ನನ್ನ ಡೈರಿ ಓದುವವಳು ನಾನೊಬ್ಬಳೇ. ಆದರೂ ಅವಳೆದುರು ನನಗೆ ಸಂಕೋಚ. ಬಿ.ಎ. ಮುಗಿಸಿ ಮನೆಯಲ್ಲಿರುವ ಹುಡುಗಿ ದಪ್ಪಗಾದರೆ ಕಾರಣ ಹುಡುಕಲು ಯಾರಿಗೂ ಕಷ್ಟವಿಲ್ಲ. ಕೂತು ತಿಂತಾಳೆ ಎಂದರೆ ಮುಗಿಯಿತು. ಅದು ಸುಳ್ಳೂ ಅಲ್ಲ. ಅನ್ನ, ಸಾರು, ಮಜ್ಜಿಗೆ ಎಲ್ಲ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಹೊಟ್ಟೆಯ ತಳದಲ್ಲಿ ಯಾರೋ ಉಗುರಿನಿಂದ ಕೆರೆದ ಹಾಗಾಗಿ ಹಸಿವು ಮತ್ತೆ ಶುರುವಾಗುತ್ತಿತ್ತು. ನಾನು ಸದ್ದಾಗದಂತೆ ಅವಲಕ್ಕಿ ಡಬ್ಬದ ಮುಚ್ಚಳ ತೆಗೆಯುತ್ತಿದ್ದೆ.

ನಾನೊಬ್ಬಳೇ ಅಲ್ಲ. ಅಮ್ಮ ಊಟ ಮುಗಿಸಿ ಪಾತ್ರೆ ತೊಳೆಯಲು ಹೋದವಳು ಒಲೆಯ ಮುಂದೆ ನಿಂತು ತಣ್ಣಗಿನ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಮತ್ತೊಮ್ಮೆ ಉಣ್ಣುತ್ತಿದ್ದಳು. ಅಪ್ಪ ಕೋಡುಬಳೆಯ ತಟ್ಟೆಯನ್ನು ಕುರ್ಚಿಯ ಪಕ್ಕದಿಂದ ಕದಲಿಸುತ್ತಲೇ ಇರಲಿಲ್ಲ. ನಮ್ಮ ಮನೆಯಲ್ಲಿ ಆಗ ಎಲ್ಲರೂ ಎಲ್ಲ ಹೊತ್ತಿನಲ್ಲೂ ಹಸಿದಿದ್ದೆವು. ನನ್ನ ತಂಗಿ ಸಿಂಚನಾ ಒಬ್ಬಳು ಮಾತ್ರ ತಿನ್ನುವುದು ಕಾಣುತ್ತಿರಲಿಲ್ಲ.

ನಮ್ಮೂರಿನಲ್ಲಿ ಹಸಿವು ಮನೆಯದು. ಒಂದು ಸೂರಿನ ಕೆಳಗೆ ಒಬ್ಬರು ಹಸಿದರೆ ಅದು ಎಲ್ಲರ ಹೊಟ್ಟೆಗೂ ಹಂಚಿಕೊಂಡು ಬರುತ್ತದೆ. ಒಬ್ಬರು ಉಂಡರೆ ಉಳಿದವರಿಗೂ ಒಂದಿಷ್ಟು ತಣಿಯುತ್ತದೆ. ಜಗಲಿಯ ಮೆಟ್ಟಿಲಿಳಿದು ಬಯಲಿಗೆ ಬಂದರೆ ಅವರವರ ಹಸಿವು ಅವರವರಿಗೆ. ಇದರಲ್ಲಿ ವಿಶೇಷವೇನೂ ನಮಗೆ ಕಂಡಿರಲಿಲ್ಲ. ಓದಲು ಬೇರೆ ಊರಿನ ಹಾಸ್ಟೆಲ್ಲಿಗೆ ಹೋದಾಗ ಮೊದಲ ವಾರವೇ ನನ್ನ ರೂಮಿನ ಹುಡುಗಿ ಯಾವುದೋ ಬೇಜಾರಿಗೆ ಎರಡು ಹೊತ್ತು ಉಣ್ಣದೆ ಮಲಗಿದ್ದಳು. ನನಗದು ಗೊತ್ತೇ ಆಗಲಿಲ್ಲ. ಅವಳ ಪಕ್ಕದ ಮಂಚದಲ್ಲಿ ಕೂತು ನಾನು ಹೊಟ್ಟೆ ತುಂಬಿದವಳಂತೆ ಹಾಯಾಗಿ ಪುಸ್ತಕ ಓದಿದ್ದೆ. ಆಮೇಲೆ ತಿಳಿದು ಇದೆಂಥ ಊರಪ್ಪಾ ಎಂದು ಹೆದರಿಕೆಯಾಗಿತ್ತು.

ಊರು ಇದಕ್ಕೆ ತಕ್ಕಂತೆ ತನ್ನ ನಡೆನುಡಿ ಮಾಡಿಕೊಂಡಿದೆ. ಏಕಾದಶಿ ಹಿಡಿಯುವವರು ಹಿಂದಿನ ದಿನವೇ ಚಾಪೆ ಸುತ್ತಿಕೊಂಡು ಹಳ್ಳದಾಚೆಯ ಬಯಲಿಗೆ ಹೋಗಿ ಮರದ ಕೆಳಗೆ ಇರುತ್ತಾರೆ. ನೆಂಟರು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಏನಾದರೂ ತಿನ್ನಿಸಿ ಆಮೇಲೆ ಒಳಗೆ ಕರೆಯುವುದು ಮರ್ಯಾದೆ. ಟಾಕೀಸಿನಲ್ಲಿ ಒಬ್ಬ ಕಡಲೆಕಾಯಿ ಕೊಂಡರೆ ಸಾಲಿಗೆ ಸಾಲೇ ತಣ್ಣಗಾಗುತ್ತದೆಂದು ಮಾರುವವನ ಗೋಳು. ಹೊಸ ಬಾಣಂತಿ ಇರುವ ಮನೆಯ ಗಂಡಸರು ಗಂಟೆಗೊಮ್ಮೆ ಎದ್ದು ಬಾಳೆಹಣ್ಣು ಹುಡುಕುತ್ತಾರೆ, ಯಾರೂ ನಗುವುದಿಲ್ಲ. ಇಷ್ಟೆಲ್ಲದರ ನಡುವೆ ಒಂದು ಮಾತನ್ನು ಮಾತ್ರ ಯಾರೂ ಆಡುವುದಿಲ್ಲ. ಯಾರ ಹಸಿವು ಎಂದು ಕೇಳುವಂತಿಲ್ಲ. ಸೊಸೆಗೆ ಹಸಿವು ಹೆಚ್ಚು, ಅತ್ತೆ ದುಡಿಯದೆ ತಿನ್ನುತ್ತಾಳೆ, ಇಂಥ ಮಾತುಗಳಿಂದ ಹಿಂದೆ ಎಷ್ಟು ಮನೆ ಒಡೆದವೋ. ಹಸಿವಾಗಿದೆ ಎಂದರೆ ಸಾಕು, ಎಲ್ಲರೂ ಉಣ್ಣಲು ಕೂರುತ್ತಾರೆ. ಹೆಸರು ಹಿಡಿದು ಹೇಳುವುದು ಹೊಲಸು ಬೈಗುಳಕ್ಕಿಂತ ಕೀಳು. ಒಳ್ಳೆಯದಕ್ಕೇ ಮಾಡಿಕೊಂಡ ರಿವಾಜು ಅದು.

ಸಿಂಚನಾ ಏಳನೇ ಕ್ಲಾಸು. ನನಗೂ ಅವಳಿಗೂ ಬಹಳ ಅಂತರ. ಅವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಆಗ ಅವಳು ಗುಂಡುಗುಂಡಗಿದ್ದಳು. ಬಂದವರೆಲ್ಲ ಕೆನ್ನೆ ಹಿಂಡುತ್ತಿದ್ದರು. ಅಪ್ಪನಂತೂ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ‘ಗುಂಡು’ ಎನ್ನುತ್ತಿದ್ದರು. ಅವಳೂ ‘ಹೂಂ’ ಎನ್ನುತ್ತಿದ್ದಳು. ಆ ‘ಹೂಂ’ ಯಾವಾಗ ಸಣ್ಣದಾಯಿತೋ ನಮಗಾರಿಗೂ ತಿಳಿಯಲಿಲ್ಲ.

ಅಪ್ಪನಿಗೆ ಪತ್ರಿಕೆಯ ಆರೋಗ್ಯ ಪುಟವೆಂದರೆ ಸರ್ಕಾರಿ ಆಜ್ಞೆ. ನೀರು ಸರಬರಾಜು ಆಫೀಸಿಗೆ ಹೊರಡುವ ಮುಂಚೆ ಜಗಲಿಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದುತ್ತಾರೆ. ಕೇಳಲು ಎದುರು ಮನೆಯ ಹನುಮಂತಯ್ಯ, ಅಂಚೆ ಹಂಚಿ ರಿಟೈರಾದವರು, ಮತ್ತು ಪಕ್ಕದ ಮನೆಯ ತಾಯಕ್ಕ, ಬಟ್ಟೆ ಹೊಲಿಯುವವರು, ಇದ್ದೇ ಇರುತ್ತಾರೆ. ಒಂದು ವಾರ ಹಾಗಲಕಾಯಿ ರಸ, ಇನ್ನೊಂದು ವಾರ ಉಪ್ಪಿಲ್ಲದ ಸಾರು, ಮತ್ತೊಂದು ವಾರ ಎಡಮಗ್ಗುಲಲ್ಲಿ ನಿದ್ದೆ. ನಾವೆಲ್ಲ ಅದನ್ನು ದಾಟಿಕೊಂಡು ಬಂದಿದ್ದೆವು. ಹಿಂದಿನ ವರ್ಷ ಒಂದು ದಿನ ‘ಮಕ್ಕಳು ಬೆವರುತ್ತಿಲ್ಲ’ ಎಂಬ ಸುದ್ದಿ ಬಂತು. ಕೂತು ಕೂತು ಮಕ್ಕಳ ಮೈ ಬೆಳೆಯುತ್ತಿದೆ, ದಿನಾ ಒಂದು ಗಂಟೆ ಓಡಿಸಿ ಎಂದು ಅದರಲ್ಲಿತ್ತು. ಅಪ್ಪ ಕನ್ನಡಕದ ಮೇಲಿಂದ ಒಳಗೆ ನೋಡಿ, “ಕೇಳಿಸ್ತಾ ಗುಂಡು? ನಿನ್ ಬಗ್ಗೆನೇ ಬರ್ದಿದಾರೆ ನೋಡು” ಎಂದರು. ಹನುಮಂತಯ್ಯ ನಕ್ಕರು. ತಾಯಕ್ಕ, “ಅಯ್ಯೋ ಬಿಡಿ ಸ್ವಾಮಿ, ಮಗು ಬೆವರಿದ್ರೆ ನನ್ ಹೊಲಿಗೆ ಬಿಟ್ಟೋಗತ್ತೆ” ಎಂದು ಇನ್ನಷ್ಟು ನಗಿಸಿದರು. ಸಿಂಚನಾ ದೋಸೆಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳೂ ನಕ್ಕಳು. ಮಾರನೆಯ ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ಕೋಟೆ ಗೋಡೆಯ ಸುತ್ತ ಓಡಿ ಬಂದಿದ್ದಳು.

ಆಮೇಲೆ ನಿಲ್ಲಿಸಲಿಲ್ಲ. ಹಾಗಲಕಾಯಿಯಂತೆ ಇದೂ ವಾರದ ಮಾತೆಂದು ನಾನು ತಿಳಿದಿದ್ದೆ. ಅವಳು ಬೆಳಿಗ್ಗೆ ಓಡಿದಳು, ಸ್ಕೂಲಿನಿಂದ ಬಂದು ಓಡಿದಳು. ಜ್ವರ ಬಂದ ದಿನ ಅಮ್ಮ ಬಾಗಿಲಿಗೆ ಚಿಲಕ ಹಾಕಿದ್ದಕ್ಕೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಸುತ್ತ ತಿರುಗಿದಳು. ಹೋಂವರ್ಕನ್ನು ನಿಂತೇ ಮಾಡುವಳು. ಟಿ.ವಿ. ನೋಡುವಾಗ ಹಿಮ್ಮಡಿ ಎತ್ತಿ ಇಳಿಸುವಳು. ಮೈ ಇಳಿಯಿತು. ಊರು ಹೊಗಳಿತು. ಸ್ಕೂಲಿನಲ್ಲಿ ಡ್ರಿಲ್ಲಿಗೆ ಅವಳನ್ನೇ ಮುಂದೆ ನಿಲ್ಲಿಸಿದರು. ಕೆನ್ನೆ ಹಿಂಡುತ್ತಿದ್ದವರು ಈಗ ಅಪ್ಪನ ಕೈ ಕುಲುಕಿ, “ನಿಮ್ಮ ಶಿಸ್ತು ಕಣ್ರೀ” ಎಂದರು. ಅಪ್ಪ ಅವಳನ್ನು ಮೊದಲ ಬಾರಿಗೆ ‘ಸಿಂಚನಾ’ ಎಂದು ಪೂರ್ತಿ ಹೆಸರಿನಿಂದ ಕರೆದರು. ಅವಳ ಮುಖ ಅರಳಿದ್ದು ನನಗೆ ನೆನಪಿದೆ.

ಓಡುವ ಮಗುವಿರುವ ಮನೆಯಲ್ಲಿ ಹಸಿವು ಜಾಸ್ತಿ ಎಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಅದು ಹೆಮ್ಮೆಯ ಹಸಿವು. ಅಪ್ಪ ಹೊಟ್ಟೆ ಸವರಿಕೊಂಡು, “ಈ ಚಾಂಪಿಯನ್ ದೆಸೆಯಿಂದ ನಾವು ಮೂರ್ ಜನ ತಿಂದೂ ತಿಂದೂ ಸಾಕಾಯ್ತು” ಎಂದು ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ಇಷ್ಟು ಹೇಳುವುದಕ್ಕೆ ಅಡ್ಡಿಯಿರಲಿಲ್ಲ, ಹೊಗಳಿಕೆಯಲ್ಲವೇ.

ಬಡಿಸುವುದನ್ನು ಸಿಂಚನಾ ತನ್ನ ಕೈಗೆ ತೆಗೆದುಕೊಂಡದ್ದು ಆಗಲೇ. “ಅಮ್ಮಾ ನೀನ್ ಕೂತ್ಕೋ, ದಿನಾ ನೀನೇ ನಿಂತಿರ್ತೀಯ” ಎಂದಳು. ಅಮ್ಮನಿಗೆ ಕಣ್ಣು ತುಂಬಿ ಬಂತು. ಅಂದಿನಿಂದ ನಾವು ಮೂವರೂ ಕೂತು ಉಣ್ಣುತ್ತಿದ್ದೆವು, ಅವಳು ಸೌಟು ಹಿಡಿದು ಓಡಾಡುತ್ತಿದ್ದಳು. ತುಪ್ಪವನ್ನು ಕೇಳದೆ ಸುರಿಯುತ್ತಿದ್ದಳು. ನನ್ನ ತಟ್ಟೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ನಾನು ತುತ್ತು ಬಾಯಿಗಿಟ್ಟು ಅಗಿದು ನುಂಗುವುದನ್ನು ನೋಡುತ್ತಾ, ತನ್ನ ಗಂಟಲನ್ನೂ ನುಂಗಿದಂತೆ ಆಡಿಸುವಳು. “ಇನ್ನೊಂದ್ ಚಪಾತಿ ಅಕ್ಕಾ? ಒಂದೇ ಒಂದು. ನಾನು ಆಮೇಲೆ ತಿಂತೀನಿ.” ಆ ‘ಆಮೇಲೆ’ಯನ್ನು ನಾನು ಕಣ್ಣಾರೆ ಕಂಡಿಲ್ಲ. ಕೇಳಿದರೆ ಸ್ಕೂಲಲ್ಲಿ ತಿಂದೆ, ಗೆಳತಿಯ ಮನೇಲಿ ತಿಂದೆ ಎನ್ನುವಳು. ಯಾರು ಎಷ್ಟು ಉಂಡರೆಂದು ನೋಡದಿರುವುದು ನಮ್ಮ ಅಭ್ಯಾಸ. ಹೊಟ್ಟೆಯೇ ಹೇಳುತ್ತದಲ್ಲ.

ತಾಯಕ್ಕನ ಹತ್ತಿರ ನಮ್ಮಿಬ್ಬರ ಬಟ್ಟೆಯೂ ಒಟ್ಟಿಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಅವರು ಮೆಶಿನ್ನಿನ ಮೇಲೆ ನನ್ನ ಟಾಪನ್ನೂ ಅವಳ ಸ್ಕರ್ಟನ್ನೂ ಹರಡಿಕೊಂಡು, “ನೋಡೇ ಸುಕನ್ಯಾ, ನಿಂದು ಬಿಚ್ತಾ ಇದೀನಿ, ಅವಳ್ದು ಹಿಡೀತಾ ಇದೀನಿ. ನಿಮ್ಮಿಬ್ರನ್ನೂ ಕೂಡಿಸಿ ಭಾಗ ಮಾಡಿದ್ರೆ ನನ್ ಕೆಲ್ಸ ಉಳೀತಿತ್ತು” ಎಂದು ನಕ್ಕರು. ನಾನೂ ನಕ್ಕೆ. ಅವಳ ಸ್ಕರ್ಟಿನ ಸೊಂಟಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಅವಳು ಮೂರನೇ ಕ್ಲಾಸಿನಲ್ಲಿ ತೊಡುತ್ತಿದ್ದ ಸ್ಕರ್ಟಿನಷ್ಟೇ ಇತ್ತು. ಏನೋ ಹೇಳಬೇಕೆನಿಸಿತು. ನನಗೆ ಯಾವಾಗಲೂ ಹೀಗೆಯೇ, ಮಾತು ಒಳಗೆ ಸಾಲಾಗಿ ಜೋಡಿಸಿಕೊಂಡು ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಬೇರೆ ಮಾತಿಗೆ ಹೋಗಿರುತ್ತಾರೆ. ತಾಯಕ್ಕ ಹೊಲಿಗೆ ಯಂತ್ರ ತುಳಿಯತೊಡಗಿದ್ದರು.

ಬೇಸಿಗೆ ರಜೆ ಶುರುವಾದ ಮೇಲೆ ಆ ಸುದ್ದಿ ಬಂತು. ಅಪ್ಪ ಎಂದಿನಂತೆ ಗಂಟಲು ಸರಿಮಾಡಿಕೊಂಡು ಓದತೊಡಗಿದರು. “ಅತಿಯಾದ ವ್ಯಾಯಾಮದ ಹಿಂದೆ ಅಡಗಿರುವ ಊಟದ ಕಾಯಿಲೆ. ಮಕ್ಕಳ ಪೋಷಕರಿಗೊಂದು ಎಚ್ಚರಿಕೆ.” ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಕೈ ನಿಂತಿತು. “ಕೆಲವು ಮಕ್ಕಳಲ್ಲಿ ಊಟ ಬಿಡುವ ಕಾಯಿಲೆ ಮೊದಲು ಕಾಣುವುದು ತಟ್ಟೆಯಲ್ಲಲ್ಲ, ಆಟದ ಬಯಲಿನಲ್ಲಿ. ಒಂದು ದಿನ ಓಡದಿದ್ದರೂ ಚಡಪಡಿಸುವ ಮಗುವನ್ನು ಪೋಷಕರು ಶಿಸ್ತಿನ ಮಗುವೆಂದು...” ಅಪ್ಪನ ಧ್ವನಿ ಅಲ್ಲಿಗೆ ನಿಂತಿತು. ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡಿರಬೇಕು. ಆಮೇಲೆ ಪುಟ ಮಗುಚಿದ ಸದ್ದು.

“ಇವ್ರಿಗೆ ಮಾಡಕ್ ಕೆಲ್ಸ ಇಲ್ಲ” ಎಂದರು ಅಪ್ಪ. “ಹೋದ್ ವರ್ಷ ಓಡಿಸಿ ಅಂದ್ರು, ಈಗ ಓಡಿಸ್ಬೇಡಿ ಅಂತಾರೆ. ನಾಳೆ ಉಸಿರೂ ಎಳ್ಕೋಬೇಡಿ ಅಂತಾರೆ.”

ಹನುಮಂತಯ್ಯ ಜೋರಾಗಿ ನಕ್ಕರು. “ಅಲ್ರೀ, ಅದು ಬೇರೆ ಊರಿನೋರ್ ಕಾಯ್ಲೆ. ಅಲ್ಲಿ ಮಗು ತಿನ್ತೋ ಬಿಡ್ತೋ ತಾಯಿಗೇ ಗೊತ್ತಾಗಲ್ಲ. ನಮ್ಮಲ್ಲಿ ಬೆಕ್ಕು ಉಪವಾಸ ಬಿದ್ರೂ ಮನೆಯೋರಿಗೆಲ್ಲ ಗೊತ್ತಾಗತ್ತೆ. ಆ ಕಾಯ್ಲೆ ನಮ್ಮೂರಿಗೆ ಬರಕ್ಕೆ ದಾರಿನೇ ಇಲ್ಲ.”

“ಹಾಂ, ಅದನ್ನ ಹೇಳಿ ಮತ್ತೆ” ಎಂದರು ಅಪ್ಪ. ಅವರ ಧ್ವನಿಯಲ್ಲಿ ಸಮಾಧಾನವಿತ್ತು. ತಾಯಕ್ಕ ಮಾತ್ರ ಎದ್ದು ಹೋದದ್ದು ಕಿಟಕಿಯಿಂದ ಕಂಡಿತು.

ಅಪ್ಪ ಹೋದ ಮೇಲೆ ಪತ್ರಿಕೆ ಹುಡುಕಿದೆ. ಉಳಿದ ಪುಟಗಳಿದ್ದವು, ಆ ಪುಟವಿರಲಿಲ್ಲ. ಅಮ್ಮ ಅದನ್ನು ಮಡಚಿ ಎಣ್ಣೆ ಡಬ್ಬದ ಅಡಿಗೆ ಇಟ್ಟಿದ್ದಳು. ನಾನು ಎಳೆದು ಓದಿದೆ. ಬೇರೆಯವರಿಗೆ ಬಡಿಸಿ ತಾವು ಉಣ್ಣದ ಮಕ್ಕಳ ಬಗ್ಗೆ ಅದರಲ್ಲಿತ್ತು. ಸೆಕೆಯಲ್ಲೂ ಸ್ವೆಟರ್ ಹಾಕುವವರ ಬಗ್ಗೆ, ಕೂದಲು ಉದುರುವುದರ ಬಗ್ಗೆ ಇತ್ತು. ಬೇಗ ಕಂಡುಹಿಡಿದರೆ ವಾಸಿಯಾಗುತ್ತದೆ, ತಡಮಾಡಬೇಡಿ, ಮಗುವನ್ನು ಬೈಯಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ ಎಂದಿತ್ತು. ಬಚ್ಚಲ ತೂತಿನಲ್ಲಿ ದಿನಾ ಸಿಕ್ಕುತ್ತಿದ್ದ ಕೂದಲಿನ ಉಂಡೆ ನನಗೆ ನೆನಪಾಯಿತು. ಅದು ನನ್ನದೆಂದೇ ತಿಳಿದು ತೆಗೆದು ಎಸೆಯುತ್ತಿದ್ದೆ. ಅಮ್ಮ ಬಂದು ನನ್ನ ಕೈಯಲ್ಲಿದ್ದ ಪುಟವನ್ನು ನೋಡಿದಳು. “ಅದ್ರಲ್ಲಿ ಏನಿದೆಯೇ?” ಎಂದಳು. ಅಮ್ಮನಿಗೆ ಓದಲು ಬರುತ್ತದೆ. ನಾನು, “ಏನಿಲ್ಲ” ಎಂದೆ. ಅವಳು, “ಏನಿಲ್ಲ ತಾನೆ” ಎಂದು ಪುಟವನ್ನು ತೆಗೆದುಕೊಂಡು ಮತ್ತೆ ಅಲ್ಲೇ ಇಟ್ಟಳು.

ಮಾರನೆಯ ಬೆಳಿಗ್ಗೆ ಸಿಂಚನಾ ಹೊರಟಾಗ ಹಿಂದೆಯೇ ನಾನೂ ಹೊರಟೆ. ಜಗಲಿಯ ಮೆಟ್ಟಿಲಿಳಿದು ಬೀದಿಗೆ ಕಾಲಿಟ್ಟ ಕ್ಷಣ ನನ್ನ ಹಸಿವು ಹೆಗಲಿನ ಶಾಲು ಜಾರಿದ ಹಾಗೆ ಕಳಚಿ ಬಿತ್ತು. ಹೊಟ್ಟೆ ತುಂಬಿತ್ತು. ಭಾರವಾಗಿ ತುಂಬಿತ್ತು. ರಾತ್ರಿ ತಿಂದ ಮುದ್ದೆ, ಎದ್ದು ತಿಂದ ಬಿಸ್ಕೆಟ್ಟು ಎಲ್ಲ ಇತ್ತು. ಅಷ್ಟು ದಿನದಿಂದ ನನ್ನನ್ನು ಕೆರೆಯುತ್ತಿದ್ದ ಹಸಿವು ನನ್ನದಾಗಿರಲೇ ಇಲ್ಲ. ತಲೆಯೆತ್ತಿ ನೋಡಿದೆ. ಸ್ವಲ್ಪ ಮುಂದೆ ಲೈಟು ಕಂಬಕ್ಕೆ ಕೈಯಾನಿಸಿ, ಇನ್ನೊಂದು ಕೈಯಿಂದ ಹೊಟ್ಟೆ ಒತ್ತಿಕೊಂಡು ಸಿಂಚನಾ ಬಗ್ಗಿ ನಿಂತಿದ್ದಳು. ಮನೆಯಲ್ಲಿ ನಾಲ್ವರ ನಡುವೆ ಹಂಚಿಹೋಗುತ್ತಿದ್ದದ್ದು ಬಯಲಲ್ಲಿ ಅವಳೊಬ್ಬಳ ಮೇಲೆ ಬಿದ್ದಿತ್ತು. ಓಡಿ ಹೋಗಿ ಹಿಡಿದುಕೊಳ್ಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ನೆಟ್ಟಗಾದಳು. ಉಸಿರೆಳೆದುಕೊಂಡು ಓಡತೊಡಗಿದಳು. ಅವಳ ಹಿಂದೆ ಓಡಲು ನನಗಾಗಲಿಲ್ಲ. ಕೋಟೆ ಗೋಡೆಯ ತಿರುವಿನಲ್ಲಿ ಕೂತು ಕಾದೆ.

ಸುತ್ತು ಮುಗಿಸಿ ಬಂದವಳು ನನ್ನನ್ನು ಕಂಡು ಬೆಚ್ಚಿದಳು. ಪಕ್ಕದಲ್ಲಿ ಕೂರಲಿಲ್ಲ, ನಿಂತಲ್ಲೇ ಕಾಲು ಆಡಿಸುತ್ತಿದ್ದಳು. “ಸಿಂಚು, ನೀನು ಊಟ ಮಾಡ್ತಿಲ್ಲ” ಎಂದೆ. ಗಂಟಲಿನಿಂದ ಗಾಳಿಯಷ್ಟೇ ಬಂದಿತ್ತು. ಅವಳಿಗೆ ಅಷ್ಟೇ ಸಾಕಾಯಿತು.

“ನೀವೆಲ್ಲ ಮಾಡ್ತೀರಲ್ಲ” ಎಂದಳು. “ನೀನು ಉಂಡ್ರೆ ನಂಗೂ ತಣ್ಣಗಾಗತ್ತೆ. ನಮ್ಮನೇಲಿ ಒಬ್ರು ತಿಂದ್ರೆ ಎಲ್ರಿಗೂ ಸಿಗತ್ತಲ್ವಾ? ಮತ್ತೆ ನಾನೂ ಯಾಕ್ ತಿನ್ಬೇಕು? ನಿಂಗೆ ತಿನ್ನೋದು ಇಷ್ಟ, ನಂಗೆ ಓಡೋದು ಇಷ್ಟ. ಯಾರಿಗೇನ್ ಕಷ್ಟ?”

“ಈಗ ಕಂಬ ಹಿಡ್ಕೊಂಡು ನಿಂತಿದ್ಯಲ್ಲೇ.”

ಅವಳ ಕಾಲು ಒಂದು ಗಳಿಗೆ ನಿಂತವು. “ಹೊರಗಡೆ ಅದು ಪೂರ್ತಿ ನಂದೇ ಅಕ್ಕ” ಎಂದಳು, ಗುಟ್ಟು ಹೇಳುವವಳ ಹಾಗೆ. “ತುಂಬಾ ಜೋರಾಗ್ ಬರತ್ತೆ. ನಾನು ಓಡ್ತೀನಿ, ಅದೂ ಓಡಿ ಬರತ್ತೆ. ಗೋಡೆ ಮುಗಿಯೋಷ್ಟರಲ್ಲಿ ಅದು ಸುಸ್ತಾಗ್ಬಿಡತ್ತೆ. ದಿನಾ ನಾನೇ ಗೆಲ್ಲೋದು.” ಆಮೇಲೆ ನನ್ನ ಮುಖ ನೋಡಿ ಹೆದರಿದಳು. “ಅಪ್ಪಂಗೆ ಹೇಳ್ಬೇಡ ಅಕ್ಕಾ, ದಮ್ಮಯ್ಯ. ಮತ್ತೆ ಗುಂಡು ಅಂತಾರೆ.”

ಅವಳ ಕೈ ಹಿಡಿದೆ. ಮುಂಗೈ ಮೇಲೆ ಕೂಸಿನ ಮೈಯಲ್ಲಿರುವಂಥ ನವಿರು ಕೂದಲು ಬೆಳೆದಿತ್ತು. ಕೈ ತಣ್ಣಗಿತ್ತು, ಓಡಿ ಬಂದವಳ ಕೈ.

ನನಗೊಂದು ಉಪಾಯ ಹೊಳೆಯಿತು. ನಾನು ತಿನ್ನುವುದರಿಂದಲೇ ಅವಳಿಗೆ ನಡೆಯುತ್ತಿದೆ. ನಾನು ನಿಲ್ಲಿಸಿದರೆ ಅವಳು ತಡೆಯಲಾರದೆ ತಿನ್ನುತ್ತಾಳೆ. ಅವತ್ತು ಮಧ್ಯಾಹ್ನ ತಲೆನೋವೆಂದು ಊಟಕ್ಕೆ ಏಳಲಿಲ್ಲ. ಸಂಜೆಯೂ ಏಳಲಿಲ್ಲ. ಮನೆ ಕುದಿಯತೊಡಗಿತು. ಅಮ್ಮ ಹಾಲು ಚೆಲ್ಲಿದಳು. ಆಫೀಸಿನಿಂದ ಬಂದು ಹೊಸ್ತಿಲು ದಾಟುತ್ತಲೇ ಅಪ್ಪ, “ಏನ್ರೇ ಇದು, ಒಳಗೆ ಬೆಂಕಿ ಬಿದ್ದ ಹಾಗಿದೆ” ಎಂದು ಕೂಗಿ, ನಿಂತಲ್ಲೇ ಬ್ರೆಡ್ಡು ಹರಿದು ತಿಂದರು. ಸಿಂಚನಾ ನನ್ನ ಮಂಚದ ಬಳಿ ಮೂರು ಸಲ ಬಂದು ಹೋದಳು. ನಾಲ್ಕನೇ ಸಲ ಚಪಾತಿ ಸುತ್ತಿಕೊಂಡು ತಂದು ನನ್ನ ಬಾಯಿಯ ಹತ್ತಿರ ಹಿಡಿದಳು. ಅವಳ ತುಟಿ ಬಿಳಿಚಿತ್ತು.

“ತಿನ್ನಕ್ಕಾ.”

“ನೀನ್ ತಿನ್ನು. ಅರ್ಧ ನೀನ್ ತಿನ್ನು, ನಾನೂ ತಿಂತೀನಿ.”

“ನನ್ ಕೈಲಾಗಲ್ಲ.” ಹಟ ಮಾಡುವವಳ ಧ್ವನಿಯಾಗಿರಲಿಲ್ಲ. ಎತ್ತಲಾರದ ಕೊಡದ ಮುಂದೆ ನಿಂತ ಮಗುವಿನ ಧ್ವನಿ. “ಬಾಯ್ ಹತ್ರ ತಂದ್ರೆ ಭಯ ಆಗತ್ತೆ ಅಕ್ಕಾ. ಏನೋ ಆಗ್ಬಿಡತ್ತೆ ಅನ್ಸತ್ತೆ. ನೀನ್ ತಿನ್ನು ಪ್ಲೀಸ್, ನಂಗೆ ತುಂಬಾ ನೋಯ್ತಿದೆ, ನೀನ್ ತಿನ್ನು.” ಅವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಅಷ್ಟು ತಿಂಗಳಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ತಿಂದೆ. ಅಳುತ್ತಾ, ಅವಳ ತಲೆ ಸವರುತ್ತಾ ಚಪಾತಿಯನ್ನು ಪೂರ್ತಿ ತಿಂದೆ. ಅವಳ ಮುಖದ ಗೆರೆಗಳು ನಿಧಾನವಾಗಿ ಸಡಿಲವಾದವು. “ಥ್ಯಾಂಕ್ಸ್ ಅಕ್ಕಾ” ಎಂದಳು.

ಅಮ್ಮನ ಹತ್ತಿರ ಹೋದೆ. ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. “ಅಮ್ಮಾ, ಮನೇಲಿ ಈ ಹಸಿವು ಇದ್ಯಲ್ಲ” ಎಂದು ಶುರುಮಾಡಿದೆ. ಅವಳು ಒದ್ದೆ ಕೈಯಿಂದ ನನ್ನ ಬಾಯಿ ಮುಚ್ಚಿದಳು. “ಹೆಸರು ಹೇಳ್ಬೇಡ ಕಣೇ” ಎಂದಳು. “ಒಂದ್ ಸಲ ಹೇಳಿದ್ರೆ ಮುಗೀತು, ಊರೆಲ್ಲ ಆಗತ್ತೆ. ನಾಳೆ ಹೆಣ್ಮಗು ಇನ್ನೊಂದ್ ಮನೆಗೆ ಹೋಗ್ಬೇಡ್ವಾ? ಇವಳು ಬಂದ್ರೆ ಮನೆ ಹಸಿಯತ್ತೆ ಅಂದ್ರೆ ಯಾರ್ ಒಳಗೆ ಕರೀತಾರೆ? ನಾನು ದಿನಾ ದೇವ್ರಿಗೆ ಹೇಳ್ಕೋತಿದೀನಿ. ವಯಸ್ಸಿನದು, ಹೋಗತ್ತೆ. ನಾನು ಇನ್ನೊಂದ್ ತುತ್ತು ಜಾಸ್ತಿ ತಿಂತೀನಿ, ನೀನೂ ತಿನ್ನು. ಅಷ್ಟ್ ಮಾಡಕ್ಕಾಗಲ್ವಾ ನಮ್ ಕೈಲಿ?” ಅವಳಿಗೆ ಎಲ್ಲ ಗೊತ್ತಿತ್ತು. ಅವಳ ಕೈಯ ಸೋಪಿನ ರುಚಿ ನನ್ನ ತುಟಿಯ ಮೇಲಿತ್ತು. ನಾನು ಒಳಗೆ ಬಂದೆ, ಮತ್ತೆ ತಿಂದೆ. ಹಾಗೆಯೇ ದಿನಗಳು ಹೋದವು. ಡೈರಿಯಲ್ಲಿ ಸೆಕೆ, ಮೋಡ, ಸೊಳ್ಳೆ ಇಷ್ಟನ್ನೇ ಬರೆದೆ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಅಮ್ಮ ಇಡ್ಲಿ ಮಾಡಿದ್ದಳು. ನಾನು ಮೂರನೆಯದನ್ನು ಮುರಿಯುತ್ತಿದ್ದಾಗ ಸಾಕೆನಿಸಿತು. ಆ ‘ಸಾಕು’ ಎಷ್ಟು ಅಪರಿಚಿತವಾಗಿತ್ತೆಂದರೆ ಅದೇನೆಂದು ತಕ್ಷಣ ತಿಳಿಯಲೇ ಇಲ್ಲ. ಕೈ ತೊಳೆದು ಬಂದೆ. ಕೆರೆತ ಶುರುವಾಗಲಿಲ್ಲ. ಅಪ್ಪ ದೊಡ್ಡದಾಗಿ ತೇಗಿದರು. ಅಮ್ಮ ತಟ್ಟೆಯ ಮುಂದೆ ಕೈಕಟ್ಟಿ ಕೂತು, “ಇವತ್ತು ಹೊಟ್ಟೆ ತುಂಬ್ತು ಕಣೇ” ಎಂದಳು. ಅವಳ ಮುಖ ಹಬ್ಬದ ದಿನದಂತಿತ್ತು. “ಎಷ್ಟ್ ದಿನ ಆಗಿತ್ತು. ದೇವ್ರು ಕಣ್ಬಿಟ್ಟ.” ನನ್ನ ಕಡೆ ನೋಡಿ ತಲೆಯಾಡಿಸಿದಳು. ನೋಡಿದೆಯಾ, ಹೇಳಿರಲಿಲ್ಲವೇ ಎನ್ನುವಂತೆ.

ಸಿಂಚನಾ ಇಡ್ಲಿ ಪಾತ್ರೆ ಹಿಡಿದು ನಿಂತಿದ್ದಳು. ಅವಳ ತಟ್ಟೆ ಗೂಡಿನಲ್ಲಿ ಒಣಗಿ ಕೂತಿತ್ತು. ಅವಳು ಏನೂ ತಿಂದಿರಲಿಲ್ಲ. ನಿನ್ನೆಯೂ ತಿಂದಿರಲಿಲ್ಲ.

ಅಪ್ಪ ಜಗಲಿಗೆ ಹೋಗಿ ಪತ್ರಿಕೆ ಬಿಡಿಸಿದರು. ಹನುಮಂತಯ್ಯ ಬಂದರು, ತಾಯಕ್ಕ ದಾರದ ಉಂಡೆ ಹಿಡಿದು ಬಂದು ಕೂತರು. “ಏನ್ ಸ್ವಾಮಿ, ಇವತ್ತು ತಟ್ಟೆ ಇಲ್ಲ ಪಕ್ಕದಲ್ಲಿ?” ಎಂದರು ಹನುಮಂತಯ್ಯ. “ಇಲ್ಲ ಕಣ್ರೀ, ಮನೆ ಅಡ್ಜಸ್ಟ್ ಆಯ್ತು” ಎಂದು ಅಪ್ಪ ನಕ್ಕರು. “ಚಾಂಪಿಯನ್ ಮೈ ಪಳಗಿದೆ ಈಗ. ಪಳಗಿದ ಮೈಗೆ ಹಸಿವು ಕಮ್ಮಿ. ನಾನ್ ಹೇಳಿರ್ಲಿಲ್ವಾ?” ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಆ ಪುಟ ಮಗುಚಿದ ದಿನದಿಂದ ಅವರ ಎದೆಯ ಮೇಲೊಂದು ಕಲ್ಲು ಇದ್ದಿರಬೇಕು. ಅದು ಇಳಿದ ಹಾಗಿತ್ತು ಅವರ ನಗು.

ಸಿಂಚನಾ ಶೂಸಿನ ದಾರ ಕಟ್ಟುತ್ತಿದ್ದಳು. ಕಟ್ಟಿದ ಗಂಟು ಬಿಚ್ಚಿಕೊಂಡಿತು, ಮತ್ತೆ ಕಟ್ಟಿದಳು. ಬೆರಳಿನ ತುದಿ ನೀಲಿಯಾಗಿತ್ತು. ನನ್ನೊಳಗೆ ಅಷ್ಟು ದಿನ ಇದ್ದ ಆ ಉಗುರಿನ ಗೀರನ್ನು ನಾನು ಹುಡುಕಿದೆ. ಕಣ್ಣು ಮುಚ್ಚಿ ಹುಡುಕಿದೆ. ಎಷ್ಟು ಶಪಿಸಿದ್ದೆ ಅದನ್ನು, ಒಂದು ಸಲ ಬರಲಿ ಎಂದು ಬೇಡಿಕೊಂಡೆ. ಇಡ್ಲಿಯ ತಣ್ಣನೆಯ ತೃಪ್ತಿಯೊಂದೇ ಇತ್ತು. ಅವಳು ಎದ್ದು ಮೆಟ್ಟಿಲಿಳಿಯುವಾಗ ನಾನೂ ಇಳಿದು ಬೀದಿಯಲ್ಲಿ ಅವಳ ರಟ್ಟೆ ಹಿಡಿದೆ. ನನ್ನ ಬೆರಳು ಒಂದು ಸುತ್ತು ಬಂದು ಹೆಬ್ಬೆರಳನ್ನು ದಾಟಿತು. ಸೂರು ದಾಟಿದ್ದೆವು. ಇಲ್ಲಾದರೂ ಅವಳಿಗೆ ಹಸಿವು ತಿಳಿಯಬೇಕು.

“ಸಿಂಚು, ಇಲ್ಲಿ ಹಸಿವಾಗ್ತಿದ್ಯಾ?”

ಅವಳು ನಿಂತು ತನ್ನ ಹೊಟ್ಟೆಯನ್ನೇ ಆಲಿಸುವವಳಂತೆ ತಲೆ ಓರೆ ಮಾಡಿದಳು. ಆಮೇಲೆ ನಕ್ಕಳು. ಒಡೆದ ತುಟಿಯಲ್ಲಿ ರಕ್ತದ ಸಣ್ಣ ಗೆರೆ ಮೂಡಿತು. “ಇಲ್ಲ ಅಕ್ಕಾ. ನೆನ್ನೆಯಿಂದ ಎಲ್ಲೂ ಆಗ್ತಿಲ್ಲ. ಕಂಬದ ಹತ್ರಾನೂ ಇಲ್ಲ. ಗೆದ್ದೆ ಕಣೇ ನಾನು, ಅದು ಹೊರಟೇಹೋಯ್ತು.”

ಜಗಲಿಯಲ್ಲಿ ಅಪ್ಪ ಓದುತ್ತಿದ್ದರು. ಅಮ್ಮ ಹೊಸ್ತಿಲಿಗೆ ಬಂದು, ನನ್ನ ಮುಖ ನೋಡಿ, ಬೇಡ ಎಂದು ಕೈಯೆತ್ತಿದಳು. ತಾಯಕ್ಕನ ಕೈಯಿಂದ ದಾರದ ಉಂಡೆ ಜಾರಿ ಮೆಟ್ಟಿಲಿಳಿದು ಉರುಳಿತು. ನನ್ನೊಳಗೆ ಮಾತುಗಳು ಎಂದಿನಂತೆ ಸಾಲಾಗಿ ನಿಲ್ಲಲು ಹೊರಟವು. ಯಾವುದು ಮೊದಲು, ಹೇಗೆ, ಯಾರಿಗೂ ನೋವಾಗದಂತೆ. ನಾನು ಅವಕ್ಕೆ ಕಾಯಲಿಲ್ಲ. ಸಿಂಚನಾಳ ರಟ್ಟೆಯನ್ನು ಬಿಡದೆ, ಬೀದಿಯ ನಡುವೆ ನಿಂತು, ನನ್ನದೇ ಎಂದು ನನಗೇ ಗುರುತು ಸಿಗದಷ್ಟು ಗಟ್ಟಿಯಾದ ಧ್ವನಿಯಲ್ಲಿ ಕೂಗಿದೆ.

“ಅಪ್ಪಾ, ನಮ್ಮ ಹೊಟ್ಟೆ ತುಂಬಿದ್ದಲ್ಲ. ಸಿಂಚು ಸಾಯ್ತಿದಾಳೆ.”